ಬೀಗರ ನಾಲಿಗೆ

ನನ್ನ ಮದುವೆ ಕೂಡಿ ಬಂದದ್ದು ಜಗಳದಿಂದ. ಜಗಳವಾಡುತ್ತಿದ್ದವರು ನಮ್ಮಪ್ಪ ಮತ್ತು ಮುಂದೆ ನನಗೆ ಮಾವನವರಾದವರು. ಹೊಲದ ಬದುವಿನದೋ ಕಾಲುವೆ ನೀರಿನದೋ ಆಗಿದ್ದರೆ ಯಾರಾದರೂ ನಡುವೆ ಬಂದು ಬಿಡಿಸುತ್ತಿದ್ದರು. ಇವರ ತಂಟೆ ವಿಯೆಟ್ನಾಮಿನದು, ಅರಬರದು, ಇಸ್ರೇಲಿನವರದು. ಇಬ್ಬರೂ ಸೊಲ್ಲಾಪುರ ದಾಟಿ ಮುಂದೆ ಹೋದವರಲ್ಲ. ಆದರೂ ಯಾವ ದೇಶದವರು ಎಲ್ಲಿ ತಪ್ಪಿದರು, ಏನು ಮಾಡಬೇಕಾಗಿತ್ತು ಅನ್ನುವುದರಲ್ಲಿ ಇಬ್ಬರಿಗೂ ಎಳ್ಳಷ್ಟೂ ಸಂಶಯವಿರಲಿಲ್ಲ.

ಅಪ್ಪ ವಿಜಯಪುರದಲ್ಲಿ, ಆಗ ನಾವೆಲ್ಲ ಬಿಜಾಪುರ ಅನ್ನುತ್ತಿದ್ದ ಊರಿನಲ್ಲಿ, ಒಂದು ಕಚೇರಿಯ ಗುಮಾಸ್ತರು. ಮಾವನವರು ಹತ್ತಿರದ ತಿಕೋಟಾದಲ್ಲಿ ಒಕ್ಕಲುತನ ಮಾಡುತ್ತಿದ್ದವರು. ಅವರ ಬಾವಿಯ ಎಂಜಿನ್ನು ಮಹಾ ಹಟಮಾರಿ. ಅದು ಕೆಟ್ಟು ನಿಂತಾಗಲೆಲ್ಲ ಯಾವುದೋ ಬಿಡಿಭಾಗವನ್ನು ಚೀಲಕ್ಕೆ ಹಾಕಿಕೊಂಡು ಸೊಲ್ಲಾಪುರ ರಸ್ತೆಯ ರಿಪೇರಿ ಅಂಗಡಿಗೆ ಬರುತ್ತಿದ್ದರು. ಆ ಅಂಗಡಿಯಲ್ಲೊಂದು ರೇಡಿಯೋ ಇತ್ತು. ಕಚೇರಿ ಬಿಟ್ಟ ಮೇಲೆ ಅಪ್ಪ ಸುದ್ದಿ ಕೇಳಲು ಅಲ್ಲಿ ನಿಲ್ಲುತ್ತಿದ್ದರು. ಹಾಗೆ ಶುರುವಾಯಿತು. ಆಮೇಲಾಮೇಲೆ ಎಂಜಿನ್ನು ಸರಿ ಇದ್ದಾಗಲೂ ಮಾವನವರು ಚೀಲ ಹಿಡಿದುಕೊಂಡು ಬರುತ್ತಿದ್ದರಂತೆ.

ಅಪ್ಪನಿಗೆ ದೆಹಲಿ ರೇಡಿಯೋ ಅಂದರೆ ಅನುಮಾನ. ಲಂಡನ್ನಿನಿಂದ ಬರುವ ಹಿಂದಿ ಸುದ್ದಿಯೇ ಅವರಿಗೆ ಸತ್ಯ. ಮಾವನವರದು ಇದಕ್ಕೆ ತದ್ವಿರುದ್ಧ.

“ನಮ್ಮನ್ನ ಆಳಿ ಹ್ವಾದವರು ನಮಗ ಖರೇ ಹೇಳ್ತಾರಂತ! ಎಷ್ಟು ಶಾಣ್ಯಾ ಅದೀರಿ ನೀವು” ಅನ್ನುತ್ತಿದ್ದರು.

“ಸರಕಾರದ ರೇಡಿಯೋ ಸರಕಾರದ ತಪ್ಪು ಹೇಳತೈತೇನ್ರಿ?” ಅಂತ ಅಪ್ಪ.

ಅಲ್ಲಿಂದ ಮಾತು ಪತ್ರಿಕೆಗಳ ಮೇಲೆ ಹೊರಳುತ್ತಿತ್ತು. ಪೇಪರಿನವನು ಸುಳ್ಳು ಬರೆದರೂ ಬರೆಯಲಿ, ಓದುವವನಿಗೆ ತಲೆ ಇಲ್ಲವೇ ಅನ್ನುವುದು ಅಪ್ಪನ ವಾದ. “ಮಂದಿಗೆ ತಲಿ ಐತಿ ಅಂತ ಯಾರು ಹೇಳ್ಯಾರ ನಿಮಗ? ಸುಳ್ಳು ಬರಿಯಾಂವನ ಕೈ ಕಟ್ಟಬೇಕು” ಅನ್ನುವುದು ಮಾವನವರದು. ಚಹಾ ಆರಿ ಕೆನೆಗಟ್ಟುವವರೆಗೂ ಇದೇ ನಡೆಯುತ್ತಿತ್ತು.

ಇದೆಲ್ಲ ನನಗೆ ಗೊತ್ತಾದದ್ದು ಅಪ್ಪನ ಊಟದ ಹೊತ್ತಿನ ನಾಟಕದಿಂದ. ಗಂಗಾಳದ ಮುಂದೆ ಕೂತು ಎರಡೂ ಪಾತ್ರ ಅವರೇ ಮಾಡುತ್ತಿದ್ದರು. ಎದುರಾಳಿಗೆ ದಪ್ಪ ಗಂಟಲು, ತಮಗೆ ಮಾತ್ರ ತಿಳಿದವರ ಮೆತ್ತನೆಯ ದನಿ. ಕೊನೆಗೆ ಅಪ್ಪನೇ ಗೆಲ್ಲುತ್ತಿದ್ದರು. ತಿಕೋಟಾದ ಮನೆಯಲ್ಲಿಯೂ ಇದೇ ನಾಟಕ ನಡೆಯುತ್ತಿತ್ತೆಂದೂ ಅಲ್ಲಿ ದಿನವೂ ಮಾವನವರೇ ಗೆಲ್ಲುತ್ತಿದ್ದರೆಂದೂ ಆಮೇಲೆ ಅತ್ತೆ ಹೇಳಿದರು.

ಒಂದು ಸಂಜೆ ಮಾವನವರು ಅಪ್ಪನ ಹೆಗಲ ಮೇಲೆ ಕೈ ಹಾಕಿ, “ನಿಮ್ಮ ಮನ್ಯಾಗ ಮಗಳದಾಳಂತ, ನನಗ ಮಗ ಅದಾನ. ನಿಮ್ಮಂಥಾ ಜಗಳಗಂಟರ ನನಗ ಬೀಗರಾಗಬೇಕು ನೋಡ್ರಿ” ಅಂದರಂತೆ. ಮನೆತನ ಕೂಡಿತು, ಹುಡುಗನೂ ಒಳ್ಳೆಯವನು. ಸಂಕ್ರಮಣ ಮುಗಿದ ಮೇಲೆ ಅಕ್ಷತೆ ಬಿತ್ತು.

ಅಕ್ಷತೆ ಬಿದ್ದ ದಿನವೇ ಅಪ್ಪನ ಬಾಯಿ ಬಂದ್ ಆಯಿತು. ಹೆಣ್ಣು ಕೊಟ್ಟವರು ಗಂಡಿನವರ ಮುಂದೆ ದನಿ ಎತ್ತುವ ಹಾಗಿಲ್ಲ. ಇದನ್ನು ಯಾರೂ ಎಲ್ಲಿಯೂ ಬರೆದಿಟ್ಟಿರಲಿಲ್ಲ, ಬರೆಯುವ ಅಗತ್ಯವೂ ಇರಲಿಲ್ಲ. ಮರುವರ್ಷ ತುರ್ತು ಪರಿಸ್ಥಿತಿ ಹೇರಿ ಇಡೀ ದೇಶಕ್ಕೇ ಬಾಯಿ ಮುಚ್ಚಿಕೊಂಡಿರಿ ಅನ್ನುವ ಕಾಲ ಬಂತಲ್ಲ, ಅಪ್ಪ ಅದನ್ನು ಯಾರ ಹುಕುಮೂ ಇಲ್ಲದೆ ಮೊದಲೇ ಪಾಲಿಸಿದ್ದರು.

ಮದುವೆಯ ನಂತರ ಅಪ್ಪ ಮೊದಲ ಸಲ ತಿಕೋಟಾಕ್ಕೆ ಬಂದಾಗ ಮಾವನವರು ಮುಂಜಾನೆಯಿಂದ ಕಟ್ಟೆಯ ಮೇಲೆ ಕಾದಿದ್ದರು. ಹೆಗಲಿಗೆ ಟ್ರಾನ್ಸಿಸ್ಟರು. ಬೀಗರು ಕೈಕಾಲು ತೊಳೆದುಕೊಳ್ಳುವುದಕ್ಕೂ ಬಿಡದೆ, “ಹೇಳ್ರಿ, ನಿಮ್ಮ ಲಂಡನ್ನಿನವರು ಏನಂತಾರ? ನಾ ಅಂತೂ ಅವರು ಶುದ್ಧ ಸುಳ್ಳರು ಅಂತೀನಿ” ಅಂದರು.

“ಹೌದ್ರಿ” ಅಂದರು ಅಪ್ಪ. “ಸುಳ್ಳರ ಅವರು.”

ಬಾಗಿಲ ಹಿಂದೆ ಚಹಾ ಹಿಡಿದು ನಿಂತಿದ್ದ ನನ್ನ ಕೈಯಿಂದ ಕಪ್ಪುಬಸಿ ಜಾರುವುದೊಂದು ಬಾಕಿ. ಮಾವನವರೂ ಬೆಚ್ಚಿದರು. ಬಿಸಿಲಿಗೆ ಬಂದಿದ್ದಾರೆ, ಮೈ ಸರಿ ಇಲ್ಲವೇನೋ ಎಂದು ಮಜ್ಜಿಗೆ ತರಿಸಿದರು. ಮಜ್ಜಿಗೆ ಕುಡಿದ ಮೇಲೂ ಅಪ್ಪ ಎಲ್ಲದಕ್ಕೂ ಹೌದ್ರಿಯೇ. ಮುಂದಿನ ಸಲ ಬಂದಾಗ ಮಾವನವರು ಬೇಕೆಂದೇ ಕೆಣಕಿದರು.

“ನನ್ನ ಕೇಳಿದ್ರ ದೇಶದಾಗಿನ ಎಲ್ಲಾ ಪೇಪರ ಮುಚ್ಚಿಸಿಬಿಡಬೇಕ್ರಿ.”

“ಒಳ್ಳೇದ್ರಿ. ಕಾಗದಾರ ಉಳೀತೈತಿ.”

ಅವತ್ತು ಅಪ್ಪ ಹೊರಟುಹೋದ ಮೇಲೆ ಮಾವನವರು ಏನೂ ಮಾಡದ ಎತ್ತುಗಳಿಗೆ ಬೈದರು. ಅತ್ತೆ ಒಲೆಯ ಮುಂದಿನಿಂದಲೇ ಛೇಡಿಸಿದರು: “ನಿಮ್ಮ ಕೂಡ ಜಗಳಾ ಆಡೂ ಹುಚ್ಚರು ಊರಾಗ ಸಿಗಲಿಲ್ಲಂತ ಬಿಜಾಪುರದಿಂದ ತಂದ್ರಿ. ಈಗ ಅವರೂ ಶಾಣ್ಯಾರಾದ್ರು. ಇನ್ನ ಗ್ವಾಡಿ ಕೂಡ ಮಾತಾಡ್ರಿ.” ಮಾವನವರು ಟ್ರಾನ್ಸಿಸ್ಟರು ಎತ್ತಿಕೊಂಡು ಹೋಗಿ ಕಟ್ಟೆಯ ಮೇಲೆ ಒಬ್ಬರೇ ಕೂತರು. ಅದನ್ನು ನೋಡಿ ನನಗೆ ಪಾಪ ಅನಿಸಿತು.

ನನ್ನ ಕಥೆಯೂ ಅಪ್ಪನದಕ್ಕಿಂತ ಬೇರೆ ಇರಲಿಲ್ಲ. ತವರಿನಲ್ಲಿ ಬಾಯಿಬಡಕಿ ಅನಿಸಿಕೊಂಡವಳು ಇಲ್ಲಿ ತಲೆ ತುಂಬ ಸೆರಗು ಹೊದ್ದು ಬಾಗಿಲ ಹಿಂದೆ ನಿಲ್ಲುತ್ತಿದ್ದೆ. ಮಾವನವರ ಮುಂದೆ ಸೊಸೆ ಮಾತಾಡುವ ರೂಢಿ ಇರಲಿಲ್ಲ. ಅವರು ಕೇಳಿದರೆ ತಲೆಯಾಡಿಸುವುದು, ಇಲ್ಲವಾದರೆ ಅತ್ತೆಯ ಮೂಲಕ ಹೇಳಿಸುವುದು. ಆದರೆ ಕಿವಿಗೆ ಸೆರಗಿನ ಅಡ್ಡಿ ಏನು? ಟ್ರಾನ್ಸಿಸ್ಟರಿನ ಒಂದು ಸುದ್ದಿಯನ್ನೂ ನಾನು ಬಿಡುತ್ತಿರಲಿಲ್ಲ. ಅಪ್ಪ ಹೌದ್ರಿ ಅಂದಾಗಲೆಲ್ಲ ಸಿಟ್ಟು ಬರುತ್ತಿತ್ತು. ಅವರು ಹಾಗೆ ಅನ್ನುತ್ತಿದ್ದದ್ದು ನನ್ನ ಸುಖಕ್ಕಾಗಿ ಅಂತ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಸಿಟ್ಟು ಹೆಚ್ಚು.

ಎಪ್ಪತ್ತನಾಲ್ಕರ ನಾಗರ ಪಂಚಮಿ ಬಂತು, ಮದುವೆಯ ನಂತರ ನನ್ನ ಮೊದಲ ಪಂಚಮಿ. ನಮ್ಮ ಕಡೆ ಪಂಚಮಿಗೆ ಹೆಣ್ಣುಮಗಳು ತವರಿಗೆ ಹೋಗಲೇಬೇಕು. ಬಬಲೇಶ್ವರದಿಂದ ಅತ್ತೆಯ ಅಣ್ಣ ಈಗಲೂ ಪ್ರತಿವರ್ಷ ಕರೆಯಲು ಬರುತ್ತಿದ್ದರು. ನನಗೆ ಅಣ್ಣತಮ್ಮಂದಿರಿಲ್ಲ, ಅಪ್ಪನೇ ಬರಬೇಕು. ಬಂದವರಿಗೆ ಮನೆಯ ಹಿರಿಯರು “ಕರಕೊಂಡು ಹೋಗ್ರಿ” ಅನ್ನಬೇಕು. ಅನ್ನದಿದ್ದರೆ ಕಟ್ಟಿದ ಗಂಟನ್ನು ಮತ್ತೆ ಬಿಚ್ಚುವುದೇ.

ಅದೇ ವಾರ ಸೈಪ್ರಸ್ಸಿನಲ್ಲಿ ಗದ್ದಲ. ಅದೊಂದು ದ್ವೀಪ ಅನ್ನುವುದೇ ನಮಗೆ ರೇಡಿಯೋ ಹೇಳಿದ ಮೇಲೆ ಗೊತ್ತಾದದ್ದು. ಅಲ್ಲಿಯ ಅಧ್ಯಕ್ಷರು ಗಡ್ಡ ಬಿಟ್ಟ ಒಬ್ಬ ಧರ್ಮಗುರು. ಸೈನ್ಯದವರು ಅವರನ್ನು ಕೊಂದರು ಅಂತ ಮೊದಲು ಸುದ್ದಿ ಬಂತು. ಆಮೇಲೆ ಕೊಂದಿಲ್ಲ, ತಪ್ಪಿಸಿಕೊಂಡಿದ್ದಾರೆ ಅಂತ ಬಂತು. ಎರಡನ್ನೂ ಮಾವನವರು ಕೇಳಿದ್ದರು, ಬಾಗಿಲ ಹಿಂದಿನಿಂದ ನಾನೂ ಕೇಳಿದ್ದೆ.

ಅಪ್ಪ ಮಧ್ಯಾಹ್ನದ ಬಸ್ಸಿಗೆ ಬಂದರು. ಅತ್ತೆಗೆ ಕುಬಸದ ಖಣ, ಅವ್ವ ಕಟ್ಟಿಕೊಟ್ಟ ಶೇಂಗಾ ಉಂಡಿ, ಜೋಳದ ಅಳ್ಳು ತಂದಿದ್ದರು. ನಾನು ಗಂಟು ಕಟ್ಟಿಕೊಂಡು ಸಂಜೆಯ ಬಸ್ಸಿಗೆ ತಯಾರಾಗಿ ನಿಂತಿದ್ದೆ. ಊಟ ಆಯಿತು, ಎಲೆ ಅಡಿಕೆ ಆಯಿತು. ಮಾವನವರು ಗಂಟಲು ಸರಿ ಮಾಡಿಕೊಂಡರು.

“ಬೀಗರ, ಸೈಪ್ರಸ್‌ದಾಗ ಆ ಗಡ್ಡದ ಗುರುಗಳು ಸತ್ತು ಹ್ವಾದ್ರಲ್ಲ.”

ಅಪ್ಪನ ತುಟಿ ಒಂದು ಸಲ ಅಲುಗಿತು. ಲಂಡನ್ನಿನ ಸುದ್ದಿ ಕೇಳದೆ ಮಲಗುವವರಲ್ಲ ಅವರು. ಆದರೂ, “ಹೌದ್ರಿ, ಪಾಪ. ದೊಡ್ಡ ಮನಶ್ಯಾರು” ಅಂದರು.

ಮಾವನವರು ಟ್ರಾನ್ಸಿಸ್ಟರನ್ನು ಪಕ್ಕಕ್ಕೆ ಸರಿಸಿದರು. “ಅಲ್ಲ ಅನ್ರಿ.”

“ಏನ್ರಿ?”

“ಒಂದ ಸಲ ನನ್ನ ಮಾತಿಗೆ ಅಲ್ಲ ಅನ್ರಿ. ಅಂದ್ರ ಮಗಳನ್ನ ಕರಕೊಂಡು ಹೋಗ್ರಿ. ಅನ್ನದಿದ್ರ ಕಳಸಂಗಿಲ್ಲ.”

ಅಪ್ಪನ ಮುಖ ಬಿಳಿಚಿಕೊಂಡಿತು. ಬೀಗರು ಯಾವುದಕ್ಕೋ ಸಿಟ್ಟಾಗಿ ಹೀಗೆ ಚುಚ್ಚುತ್ತಿದ್ದಾರೆ ಅಂತಲೇ ಅವರು ತಿಳಿದರು. ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು ತಿರುಗಿಸುತ್ತ, “ನೀವು ಹಿರ್ಯಾರು. ಕಳಸಂಗಿಲ್ಲ ಅಂದ್ರ ಅದೂ ಬರೋಬರಿನ ಐತ್ರಿ” ಅಂದರು.

ಅದಕ್ಕೂ ಹೌದು! ಅಲ್ಲಿ ಅವ್ವ ಜೋಕಾಲಿ ಕಟ್ಟಿಸಿ ದಾರಿ ನೋಡುತ್ತಿದ್ದಾಳೆ, ಇಲ್ಲಿ ಇವರು ನನ್ನ ಪಂಚಮಿಯನ್ನೂ ಹೌದ್ರಿ ಅಂತ ಒಪ್ಪಿಸಿಬಿಟ್ಟರು. ನನಗೆ ತಡೆಯಲಾಗಲಿಲ್ಲ. ಬಾಗಿಲು ದಾಟಿ ಒಂದು ಹೆಜ್ಜೆ ಹೊರಗೆ ಬಂದೆ.

“ಅವರು ಸತ್ತಿಲ್ರಿ ಮಾವಾರ.”

ಅದು ಯಾರ ದನಿ ಅಂತ ನನಗೇ ಒಂದು ಕ್ಷಣ ತಿಳಿಯಲಿಲ್ಲ. ಒಮ್ಮೆ ಬಾಯಿ ಬಿಟ್ಟ ಮೇಲೆ ನಿಲ್ಲಲೂ ಇಲ್ಲ. “ಬದುಕ್ಯಾರ. ಮದಲ ಸತ್ತಾರ ಅಂದ್ರು, ಆಮ್ಯಾಲ ಬದುಕ್ಯಾರ ಅಂದ್ರು. ನೀವೂ ಕೇಳೀರಿ, ನಮ್ಮಪ್ಪಾರೂ ಕೇಳ್ಯಾರ. ನನ್ನ ಸಲುವಾಗಿ ಜೀವಂತ ಮನಶ್ಯಾರನ್ನ ಇಬ್ರೂ ಕೂಡಿ ಯಾಕ ಸಾಯಸ್ತೀರಿ?”

ಅತ್ತೆಯ ಕೈಯಲ್ಲಿದ್ದ ಮೊರ ನಿಂತಿತು. ಅಪ್ಪ ದಡಬಡಿಸಿ ಎದ್ದು ಕೈ ಮುಗಿದರು. “ಹುಡಿಗಿಗೆ ತಿಳೀಲಿಲ್ರಿ ಬೀಗರ, ತಪ್ಪಾತು, ಹೊಟ್ಟ್ಯಾಗ ಹಾಕ್ಕೋರಿ.” ನನಗೆ ಅಳು ಬಂತು, ಹೆದರಿಕೆಯೂ ಆಯಿತು. ಇಷ್ಟು ದಿನ ಅಪ್ಪ ಕಾಪಾಡಿದ್ದನ್ನು ಒಂದೇ ಮಾತಿಗೆ ಹಾಳು ಮಾಡಿದೆನೇನೋ ಅನಿಸಿತು.

ಮಾವನವರು ಎದ್ದರು. ಸೀದಾ ಬಂದು ಅಪ್ಪನ ಮುಗಿದ ಕೈಗಳನ್ನು ಹಿಡಿದು ಬಿಡಿಸಿದರು.

“ಮಗಳನ್ನ ಕೊಡ್ರಿ ಅಂತ ಕೇಳಿದ್ದೆ. ನಿಮ್ಮ ನಾಲಿಗಿ ಕೇಳಿದ್ನೇನ್ರಿ? ಅದನ್ನ ಯಾವಾಗ ನನಗ ಕೊಟ್ರಿ? ನನಗ ಬ್ಯಾಡದು, ಹೊಳ್ಳಿ ಒಯ್ರಿ. ಮಾತಾಡಾಕ ಒಬ್ಬ ಮನಶ್ಯಾ ಇಲ್ದ ಸಾಯಾಕತ್ತೇನಿ ನಾ.” ಹೇಳುತ್ತ ಹೇಳುತ್ತ ಅವರ ಕಣ್ಣು ತುಂಬಿದವು. ಆಮೇಲೆ ನನ್ನ ಕಡೆ ಕೈ ಮಾಡಿ, “ನೋಡ್ರಿ, ಆಕಿ ನನ್ನ ಸುಳ್ಳ ಅಂದಳು. ಏನಾತು? ಮನಿ ಬಿಟ್ಟು ಹೊರಗ ಹಾಕಿದ್ನೇನು?” ಅಂದರು.

ಅಪ್ಪ ಕೂತರು. ಟೊಪ್ಪಿಗೆಯನ್ನು ತಲೆಗೆ ಹಾಕಿಕೊಂಡು, “ಸತ್ತಿಲ್ರಿ” ಅಂದರು.

“ಆಂ?”

“ಸತ್ತಿಲ್ರಿ ಬೀಗರ. ಅಷ್ಟ ಅಲ್ಲ, ಲಂಡನ್ನಿನವರು ಸುಳ್ಳರು ಅಂದಿದ್ರಲ್ಲ, ಅದೂ ತಪ್ಪು. ಪೇಪರ ಮುಚ್ಚಿಸಬೇಕು ಅಂದ್ರಿ ನೋಡ್ರಿ, ಅದರಂಥಾ ದಡ್ಡ ಮಾತು ನಾ ಹುಟ್ಟಿ ಕೇಳಿಲ್ಲ.”

ಮದುವೆಯಾದಂದಿನಿಂದ ಅಂದ ಒಂದೊಂದು ಹೌದ್ರಿಯನ್ನೂ ನೆನಪಿಸಿಕೊಂಡು ಅಪ್ಪ ಹಿಂದಕ್ಕೆ ತೆಗೆದುಕೊಂಡರು. ಮಾವನವರು ತೊಡೆ ತಟ್ಟಿ ತಟ್ಟಿ ತಿರುಗಿ ಕೂಗಾಡಿದರು. ಅಷ್ಟು ಸಂತೋಷದಿಂದ ಕೂಗಾಡುವವರನ್ನು ನಾನು ಮತ್ತೆ ನೋಡಿಲ್ಲ. ಬಡಿದಾಟವೇ ನಡೆದಿದೆಯೆಂದು ಪಕ್ಕದ ಮನೆಯವರು ಓಡಿ ಬಂದರು. “ಏನಿಲ್ಲರಿ, ಬೀಗರು ಸುಖದುಃಖ ಮಾತಾಡಾಕತ್ತಾರ” ಅಂತ ಅತ್ತೆ ಅವರನ್ನು ಸಾಗಹಾಕಿದರು. ಅಷ್ಟರಲ್ಲಿ ಸಂಜೆಯ ಬಸ್ಸು ಹೋಗಿಯೇ ಬಿಟ್ಟಿತು. ಅದು ಹೋದದ್ದು ನನ್ನ ಹೊರತು ಯಾರಿಗೂ ಗೊತ್ತಾಗಲಿಲ್ಲ.

ಮರುದಿನ ಮುಂಜಾನೆ ಮಾವನವರು ತಾವೇ ನನ್ನ ಗಂಟು ಹೊತ್ತು ಬಸ್ಸಿನವರೆಗೆ ಬಂದರು. ಕಿಟಕಿಯ ಸರಳು ಹಿಡಿದುಕೊಂಡು, ಸೈಪ್ರಸ್ಸಿಗೆ ಸೈನ್ಯ ಇಳಿಸಿದ ತುರ್ಕಿಯವರದೇ ಸರಿ ಅಂತ ವಾದಿಸಿದರು. ಬಸ್ಸು ಬಿಟ್ಟ ಮೇಲೆ, “ಪಂಚಮಿ ಮುಗಿಸಿ ಆಕೀನ ನೀವ ಕರಕೊಂಡು ಬರ್ರಿ, ಮತ್ಯಾರನ್ನೂ ಕಳಸಬ್ಯಾಡ್ರಿ” ಅಂತ ಕೂಗಿದರು. ಅಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿ, “ತುರ್ಕಿಯವರದು ತಪ್ಪ ಐತ್ರಿ!” ಅಂತ ಕೂಗಿದರು.

ಒಳಗೆ ಕೂತ ಮೇಲೆ ಅಪ್ಪ ಸ್ವಲ್ಪ ಹೊತ್ತು ತಾವೇ ನಕ್ಕರು. ಗಂಟಲು ಕೂತುಹೋಗಿತ್ತು. ಊರು ಹಿಂದಾದ ಮೇಲೆ ನನ್ನ ಕಡೆ ತಿರುಗಿದರು.

“ಯವ್ವಾ, ನೀ ನಿಮ್ಮ ಮಾವನ ಮುಂದ ದಿನಾ ಹಂಗ ಮಾತಾಡ್ತಿಯೇನು?”

ಮಾವನವರ ಮುಂದೆ ನಾನು ಆಡಿದ ಮೊದಲ ಮಾತು ಅದು. ಹಾಗಂತ ಹೇಳಿದರೆ ಅಪ್ಪನಿಗೆ ರಾತ್ರಿ ನಿದ್ದೆ ಬರುವುದಿಲ್ಲ ಅನಿಸಿತು.

“ಹೂಂ ಯಪ್ಪಾ, ದಿನಾ ಮಾತಾಡ್ತೀನಿ” ಅಂದೆ.

ಅಪ್ಪನಿಗೆ ಎಷ್ಟು ಸಮಾಧಾನವಾಯಿತೆಂದರೆ, ಟೊಪ್ಪಿಗೆ ತೆಗೆದು ಅದರಿಂದಲೇ ಮುಖ ಒರೆಸಿಕೊಂಡರು. ಆಮೇಲೆ ಕಿಟಕಿಯಾಚೆ ಹೊಲಗಳನ್ನು ನೋಡುತ್ತ ನನ್ನನ್ನೋ ತಮ್ಮನ್ನೋ ಕೇಳಿದರು.

“ಹಂಗಾದ್ರ ಇಷ್ಟು ದಿನಾ ನಾ ಯಾರ ಸಲುವಾಗಿ ಸುಮ್ಮನಿದ್ದೆ?”

ಬಿಜಾಪುರ ಬರುವ ತನಕ ಅವರ ಕೈ ಹಿಡಿದುಕೊಂಡು ಕೂತೆ.