ನಿಂತ ಪಾದದ ಅಳತೆ

ಬೆಳಕು ಹರಿಯುವ ಹೊತ್ತು. ಹರಿಹರದ ಹಳೇ ಪೇಟೆಯ ಈ ಗಲ್ಲಿಯಲ್ಲಿ ಕದ ತೆರೆದಿರುವುದು ಖಾಜಾ ಹುಸೇನ್ ಅವರ ಅಂಗಡಿಯೊಂದೇ. ಚಾಪೆಯ ಮೇಲೆ ಕೂತು, ಮಂಡಿಗಳ ನಡುವೆ ಕಟ್ಟಿಗೆಯ ಅಚ್ಚು ಇಟ್ಟುಕೊಂಡು, ಅದರ ಮೇಲೆ ಕಪ್ಪು ಚರ್ಮ ಬಿಗಿದು ಮೊಳೆ ಹೊಡೆಯುತ್ತಿದ್ದಾರೆ. ಬಾಯಿ ತುಂಬ ಸಣ್ಣ ಮೊಳೆಗಳಿರುವುದರಿಂದ, ಹೆಂಡತಿ ಹಜೀರಾಬೀ ಒಳಗಿನಿಂದ ಚಹಾ ಬೇಕೇ ಎಂದು ಕೂಗಿದರೂ ಉತ್ತರವಿಲ್ಲ. "ಮೊಳೆ ಇಲ್ದಿದ್ರೂ ಇವ್ರ ಮಾತು ಅಷ್ಟೇರಿ" ಎಂದು ಆಕೆ ಚಹಾ ತಂದೇ ಇಡುತ್ತಾರೆ.

ಖಾಜಾ ಸಾಬರು ಮದುವೆ ಗಂಡುಗಳಿಗೆ ಬೂಟು ಹೊಲಿಯುತ್ತಾರೆ. ಈ ಸೀಮೆಯಲ್ಲಿ ಮುಹೂರ್ತಕ್ಕೆ ಪಂಚೆಯಾದರೆ ಆರತಕ್ಷತೆಗೆ ಸೂಟು. ನಿಕಾಹ್‌ಗೆ ಶೇರ್ವಾನಿಯಾದರೆ ಮರುದಿನ ಗಂಡಿನ ಕಡೆಯವರು ಹಾಕುವ ವಲೀಮಾ ಊಟಕ್ಕೆ ಸೂಟು. ಇಲ್ಲಿ ಬರುವವರಲ್ಲಿ ಸೂಟೂ ಬೂಟೂ ಕೊಡಿಸುವುದು ಹೆಣ್ಣಿನ ಕಡೆಯವರ ಪಾಲು. ಹಾಗಾಗಿ ಈ ಅಂಗಡಿಗೆ ಬೂಟು ತೊಡುವವರು ಬರುವುದೇ ಇಲ್ಲ, ಅವರ ಮಾವಂದಿರು ಬರುತ್ತಾರೆ. ಒಂದು ಕೈಯಲ್ಲಿ ಟೈಲರ್ ಕೊಟ್ಟ ಬಟ್ಟೆಯ ತುಂಡು, ಇನ್ನೊಂದರಲ್ಲಿ ಅಳಿಯನ ಪಾದದ ಸುತ್ತ ಗೆರೆ ಎಳೆದ ಪೇಪರು.

ಬಟ್ಟೆಯ ತುಂಡು ನೋಡಿದರೆ ಸಾಕು, ಮುಂದಿನದೆಲ್ಲ ಸಾಬರ ತಲೆಯಲ್ಲಿ ಸಿದ್ಧವಾಗುತ್ತದೆ. "ನೀಲಿ ಸೂಟಿಗೆ ಕಾಫಿ ಬಣ್ಣ ಒಪ್ತೈತೆ. ಕಪ್ಪು ಸೂಟಿಗೆ ಕಪ್ಪೇ ಆಗ್ಬೇಕು. ಬೆಲ್ಟು ಬೂಟು ಒಂದೇ ಬಣ್ಣ ಇರ್ಬೇಕು. ಪ್ಯಾಂಟು ಬೂಟಿನ ಮ್ಯಾಲೆ ಒಂದೇ ಒಂದು ಮಡಿಕೆ ಬಿದ್ರೆ ಚಂದ, ಗುಡ್ಡೆ ಬೀಳ್ಬಾರ್ದು." ಲೇಸು ಇರುವ ಬೂಟೇ ಸೂಟಿಗೆ ಲಕ್ಷಣ ಎಂಬುದು ಅವರ ನಂಬಿಕೆ. ಆದರೆ ವೇದಿಕೆಗೆ ಹಿರಿಯರು ಬಂದಾಗಲೆಲ್ಲ ಮದುಮಗ ಬೂಟು ಕಳಚಿ ಕಾಲಿಗೆ ಬೀಳಬೇಕಲ್ಲ! ಅದಕ್ಕೆ ಲೇಸಿನ ಕೆಳಗೆ ಕಾಣದಂತೆ ಇಲಾಸ್ಟಿಕ್ ಹೊಲಿದುಬಿಡುತ್ತಾರೆ. ನೋಡುವವರಿಗೆ ಲೇಸು, ತೊಡುವವನಿಗೆ ಚಪ್ಪಲಿಯಷ್ಟೇ ಸಲೀಸು.

ಇಷ್ಟೆಲ್ಲ ಬಲ್ಲವರಿಗೆ ಒಂದು ಕೊರಗಿದೆ. ಅವರು ಹೊಲಿದ ಬೂಟು ತಿರುಗಿ ಬರುವುದಿಲ್ಲ.

ಅಪ್ಪನ ಕಾಲದಲ್ಲಿ ಬರುತ್ತಿತ್ತು. ಆಗ ಗಿರಾಕಿಗಳೆಂದರೆ ಕಾರ್ಖಾನೆಯ ಅಧಿಕಾರಿಗಳು. ದಿನಾ ಬೂಟು ಮೆಟ್ಟುವ ಜನ. ತಾವೇ ಬಂದು ಪೇಪರಿನ ಮೇಲೆ ನಿಂತು ಅಳತೆ ಕೊಡುತ್ತಿದ್ದರು, ತಳ ಸವೆದಾಗ ಮತ್ತೆ ತರುತ್ತಿದ್ದರು. "ಸವೆದ ಬೂಟು ಕೈಯಾಗೆ ಹಿಡಿದ್ರೆ ಸಾಕ್ರಿ, ಮಾಡಿದ್ದು ಸಾರ್ಥಕ ಆತು ಅನ್ಸೋದು. ಈಗ ಹೊಸದು ಹೋಗ್ತೈತೆ, ಅಷ್ಟೇ. ಒಂದಿನ ಹಾಕ್ತಾರೆ, ಅಟ್ಟ ಸೇರ್ತೈತೆ." ಅಟ್ಟ ಸೇರುವುದು ಯಾಕೆ ಎಂಬುದೂ ಅವರಿಗೆ ಗೊತ್ತು. ಬೂಟು ಬಿಗಿ. ಬಿಗಿ ಯಾಕೆಂದರೆ ಅಳತೆ ಕೂತ ಕಾಲಿನದು. ಕೂತಾಗ ಪಾದ ಹಗುರ, ನಿಂತಾಗ ಮೈಭಾರ ಬಿದ್ದು ಅಗಲವಾಗುತ್ತದೆ. ಅಂದಾಜಿನ ಮೇಲೆ ಒಂದಿಷ್ಟು ಬಿಟ್ಟು ಹೊಲಿಯಬಹುದು, ಆದರೆ ಒಬ್ಬೊಬ್ಬರ ಪಾದ ಒಂದೊಂದು ಥರ ಹರಡುತ್ತದೆ.

ಇವತ್ತು ಬೆಳಿಗ್ಗೆ ಬಂದಿರುವ ರುದ್ರಮುನಿಯವರ ಪೇಪರೂ ಅಂಥದ್ದೇ. ದಾವಣಗೆರೆಯ ಸರಸ್ವತಿ ನಗರದವರು, ಮುಂದಿನ ತಿಂಗಳು ಮಗಳ ಮದುವೆ.

"ಸಾವ್ಕಾರ್ರೇ, ಇದು ಕುರ್ಚಿ ಮ್ಯಾಲೆ ಕೂಡ್ಸಿ ತೆಗೆದಿದ್ದಾ?"

"ಮತ್ತೇನು ಸಾಬ್ರೇ! ಮನೆಗೆ ಬಂದ ಅಳಿಯಂದ್ರಿಗೆ ಕೂಡ್ರಿ ಅನ್ನೋದು ಬಿಟ್ಟು ನಿಂತ್ಕಳ್ರಿ ಅಂತ ಹೆಂಗೆ ಅನ್ನೋದು? ಬೀಗರು ಏನು ತಿಳ್ಕಂಡಾರು?"

ಖಾಜಾ ಸಾಬರು ನಗುತ್ತಾರೆ, ಆದರೆ ಆ ನಗು ಬೇಗ ಆರಿಹೋಗುತ್ತದೆ. ಅವರೂ ಒಬ್ಬ ಮಾವ. ಮಗಳು ಸನೋಬರ್‌ಳ ಮದುವೆಯಲ್ಲಿ ಅಳಿಯ ನೌಮಾನ್‌ಗೆ ತಮ್ಮ ಕೈಯಾರೆ ಬೂಟು ಹೊಲಿದರು. ಜೀವಮಾನದ ಕಸುಬನ್ನೆಲ್ಲ ಆ ಒಂದು ಜೋಡಿಗೆ ಸುರಿದರು. ಅಳತೆ ತೆಗೆದದ್ದು ಮಾತ್ರ ಕುರ್ಚಿಯ ಮೇಲೆ ಕೂರಿಸಿ, ತಾವು ನೆಲದಲ್ಲಿ ಕೂತು. "ನನಗೆ ಗೊತ್ತಿತ್ತು. ಗೊತ್ತಿದ್ದೂ ನಿಂತ್ಕಳ್ರಿ ಅನ್ನಕ್ಕೆ ಬಾಯೇ ಬರ್ಲಿಲ್ಲ" ಎನ್ನುತ್ತಾರೆ. ವಲೀಮಾ ಊಟದಲ್ಲಿ ನೌಮಾನ್ ಮೇಜಿನ ಕೆಳಗೆ ಬೂಟು ಕಳಚಿಟ್ಟು ಬರಿಗಾಲು ಉಜ್ಜಿಕೊಳ್ಳುತ್ತಿದ್ದುದನ್ನು ಹಜೀರಾಬೀ ಕಂಡಿದ್ದರು. ಅಳಿಯ ಸಂಭಾವಿತ, ಇವತ್ತಿನವರೆಗೆ ಒಂದು ಮಾತು ಆಡಿಲ್ಲ. ಪ್ರತಿ ಹಬ್ಬಕ್ಕೂ ಚಪ್ಪಲಿಯಲ್ಲೇ ಬರುತ್ತಾನೆ. ಬಾಗಿಲಲ್ಲಿ ಅವನು ಚಪ್ಪಲಿ ಬಿಡುವಾಗ ಖಾಜಾ ಸಾಬರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಮಗಳನ್ನು ಕೇಳಿದರೆ, "ಜೋಪಾನವಾಗಿ ಎತ್ತಿಟ್ಟಾರೆ ಅಬ್ಬಾ" ಎನ್ನುತ್ತಾಳೆ. ಆ ಜೋಪಾನ ಎಂಬ ಮಾತು ಅವರ ಎದೆಯಲ್ಲಿ ಚುಚ್ಚುತ್ತದೆ.

ಇದನ್ನೆಲ್ಲ ಕೇಳಿದ ರುದ್ರಮುನಿಯವರು ಹಜೀರಾಬೀ ಕೊಟ್ಟ ಚಹಾ ಮುಗಿಸುತ್ತಾರೆ. ಆಮೇಲೆ ಹೊರಗೆ ಹೋಗಿ ಫೋನು ಹಚ್ಚುತ್ತಾರೆ. ಅರ್ಧ ಗಂಟೆಯಲ್ಲಿ ಭಾವಿ ಅಳಿಯ ಬಕ್ಕೇಶ್ ಬೈಕಿನಲ್ಲಿ ಬಂದಿಳಿಯುತ್ತಾನೆ. ಗುತ್ತೂರಿನ ಬಳಿಯ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದ ಹುಡುಗ. ರುದ್ರಮುನಿಯವರು ಅಭ್ಯಾಸ ಬಲದಿಂದ ಸ್ಟೂಲು ಎಳೆಯಲು ಹೋಗುತ್ತಾರೆ, ಸಾಬರು ಅದರ ಕಾಲು ಹಿಡಿದುಕೊಳ್ಳುತ್ತಾರೆ. "ಬ್ಯಾಡ್ರಿ." ಮಾವ ನೆಲ ನೋಡುತ್ತ, ಸಾಲ ಕೇಳುವವರ ದನಿಯಲ್ಲಿ, "ಒಂಚೂರು ನಿಂತ್ಕಂತೀರಾ?" ಎನ್ನುತ್ತಾರೆ.

ಬಕ್ಕೇಶ್ ಇಬ್ಬರ ಮುಖವನ್ನೂ ನೋಡಿ ನಕ್ಕುಬಿಡುತ್ತಾನೆ. "ರಾತ್ರಿಯೆಲ್ಲ ಮಿಶನ್ ಮುಂದೆ ನಿಂತೇ ಇದ್ದೆ ಮಾವಾರೆ. ಇಲ್ಲಿ ನಿಂತ್ಕಳಕ್ಕೇನು ಕಷ್ಟ? ಅವತ್ತೇ ಹೇಳಿದ್ರೆ ಅವತ್ತೇ ನಿಂತ್ಕಂತಿದ್ದೆ."

ಸಾಬರು ಪೆನ್ಸಿಲನ್ನು ನೆಟ್ಟಗೆ ಹಿಡಿದು ಪಾದದ ಸುತ್ತ ಗೆರೆ ಎಳೆಯುತ್ತಾರೆ. ಮಾವ ಅಳಿಯ ಹೋದ ಮೇಲೆ ಹಳೇ ಪೇಪರಿನ ಮೇಲೆ ಹೊಸದನ್ನಿಟ್ಟು ಬಾಗಿಲ ಬೆಳಕಿಗೆ ಹಿಡಿಯುತ್ತಾರೆ. ಕಿರುಬೆರಳ ಬುಡದಲ್ಲಿ ಎರಡು ಗೆರೆಗಳ ನಡುವೆ ಒಂದು ಭತ್ತದ ಕಾಳು ಹಿಡಿಸುವಷ್ಟು ಜಾಗ. ಅದನ್ನೇ ಬಹಳ ಹೊತ್ತು ನೋಡುತ್ತಾರೆ. "ಅವತ್ತೇ ನಿಂತ್ಕಂತಿದ್ನಂತೆ" ಎಂದು ತಮಗೆ ತಾವೇ ಹೇಳಿಕೊಳ್ಳುತ್ತಾರೆ. ಆ ದನಿಯಲ್ಲಿ ಬಕ್ಕೇಶನಿಗಿಂತ ನೌಮಾನನ ನೆನಪೇ ಹೆಚ್ಚಿದೆ.

ಇನ್ನೇನು ಆಸೆ ಎಂದು ಕೇಳಿದರೆ ದೊಡ್ಡ ಅಂಗಡಿ, ದೊಡ್ಡ ಬೋರ್ಡು ಅವರ ಬಾಯಲ್ಲಿ ಬರುವುದಿಲ್ಲ. ಕೆಲಸ ಹಿಡಿದ ಬೂಟನ್ನು ಪಕ್ಕಕ್ಕಿಟ್ಟು, ಕಪಾಟಿನಿಂದ ಮಡಿಕೆಯಿಲ್ಲದ ಒಂದು ಹೊಸ ಹಾಳೆ ತೆಗೆದು ಚಾಪೆಯ ಕೆಳಗೆ ಸರಿಸುತ್ತಾರೆ.

"ಭಾನುವಾರ ನೌಮಾನ್ ಮಿಯಾ ಊಟಕ್ಕೆ ಬರ್ತಾರೆ. ಈ ಸಲ ಕುರ್ಚಿ ಹಾಕ್ಬ್ಯಾಡ ಅಂತ ಹಜೀರಾಗೆ ಹೇಳೀನಿ."