ಸೂರ್ಯನಿಲ್ಲದ ಸೀಮೆಯ ಮೂವರು ಮಕ್ಕಳು

ಅಕ್ಕ ತೀರಿಕೊಂಡ ಮೇಲೆ ಅವಳ ಇಬ್ಬರು ಮಕ್ಕಳು ಕಲಘಟಗಿಯ ನಮ್ಮ ಮನೆಗೆ ಬಂದರು. ಅವರ ಅಪ್ಪ ಅದಕ್ಕೂ ಮೊದಲೇ ಕಟ್ಟಿಗೆ ಅಡ್ಡೆಯಲ್ಲಿ ದಿಮ್ಮಿ ಉರುಳಿ ಸತ್ತಿದ್ದ. ಅಕ್ಕನನ್ನು ಕಾಮಾಲೆ ಒಯ್ದಿತು. ಹುಡುಗಿ ಆಗ ಮೂರನೇ ಇಯತ್ತೆ. ಅವಳ ತಮ್ಮ ಇನ್ನೂ ಶಾಲೆಗೆ ಹೋಗದ ಕೂಸು. ಮನೆಯಲ್ಲಿ ಇದ್ದವರು ಅವ್ವ ಮತ್ತು ನಾನು, ಇಬ್ಬರೇ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ದೇವಿಕೊಪ್ಪದ ಶಾಲೆಯಲ್ಲಿ ಅಕ್ಕೋರು ಆಗಿದ್ದೆ. ಎರಡು ಇಯತ್ತೆಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು, ಒಂದಕ್ಕೆ ಮಗ್ಗಿ ಒಪ್ಪಿಸಲು ಹೇಳಿ ಇನ್ನೊಂದಕ್ಕೆ ಪಾಠ ಮಾಡುತ್ತಿದ್ದೆ. ಸಂಜೆ ಬಸ್ಸು ಇಳಿಯುವಾಗ ಗಂಟಲಲ್ಲಿ ಮಾತೇ ಉಳಿದಿರುತ್ತಿರಲಿಲ್ಲ. ಮನೆಗೆ ಬಂದರೆ ಹಿಟ್ಟು ನಾದುವುದು, ನೀರು ತುಂಬುವುದು, ಹುಡುಗನ ಚಡ್ಡಿ ಒಗೆಯುವುದು. ದುಃಖಪಡಲು ಪುರುಸೊತ್ತು ಸಿಗಲಿಲ್ಲ ಎಂದರೆ ಜನ ನಂಬುವುದಿಲ್ಲ. ಆದರೆ ಆ ವರ್ಷ ನನಗೆ ನೆನಪಿರುವುದು ದಣಿವೊಂದೇ.

ಬಸ್ ಸ್ಟ್ಯಾಂಡಿನ ಬಾಜುವಿನಲ್ಲಿ ಒಬ್ಬ ಮುಸಲ್ಮಾನ ಕಾಕಾ ಪೇಪರು, ಪುಸ್ತಕ ಇಟ್ಟುಕೊಂಡು ಕೂರುತ್ತಿದ್ದರು. ಮಕ್ಕಳು ನಮ್ಮಲ್ಲಿಗೆ ಬಂದ ಸುದ್ದಿ ಅವರಿಗೂ ಮುಟ್ಟಿತ್ತು. ಒಂದು ಸಂಜೆ ಕರೆದು ತೆಳ್ಳನೆಯ ಪುಸ್ತಕವೊಂದನ್ನು ಕೊಟ್ಟರು.

"ಹುಬ್ಬಳ್ಳಿಯಿಂದ ಬಂದೈತ್ರಿ, ಅಕ್ಕೋರ. ತಿಂಗಳಿಗೊಂದು ಭಾಗ ಬರತೈತಿ. ಹುಡುಗರು ಬಾಳ ಓದ್ಲಿಕತ್ತಾರ. ಒಯ್ರಿ."

ಒಳಗೆ ಏನಿದೆ ಎಂದು ಅವರೂ ನೋಡಿರಲಿಲ್ಲ, ನಾನೂ ನೋಡಲಿಲ್ಲ. ಅಡಿಗೆಮನೆಯ ಹೊಸ್ತಿಲ ಮೇಲೆ ಕೂತು ಮಕ್ಕಳಿಗೆ ಓದಿ ಹೇಳತೊಡಗಿದೆ. ಮೊದಲ ಪುಟದಲ್ಲೇ ಒಂದು ಊರು ಕೆರೆಯಲ್ಲಿ ಮುಳುಗಿತು. ಉಳಿದವರು ಮೂವರು ಮಕ್ಕಳು. ಅವರು ನಡೆದುಕೊಂಡು ಸೂರ್ಯ ಹುಟ್ಟದ ಸೀಮೆಗೆ ಬರುತ್ತಾರೆ. ಅಲ್ಲೊಬ್ಬ ಮುದುಕಿ, ದಿಕ್ಕಿಲ್ಲದ ಮಕ್ಕಳ ದನಿ ಕಿತ್ತು ಗಡಿಗೆಗಳಲ್ಲಿ ತುಂಬಿಡುವವಳು. ಆಮೇಲೆ ಗೊತ್ತಾದಂತೆ, ಪ್ರತಿ ಭಾಗವೂ ಮಕ್ಕಳು ಸಿಕ್ಕಿಬೀಳುವಲ್ಲಿಗೆ ಮುಗಿಯುತ್ತಿತ್ತು.

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಇಂಥಾದ್ದು ಓದ್ತಾರೇನ? ತಂದಿ ತಾಯಿ ಇಲ್ಲದ ಹುಡುಗರ ಮುಂದ?"

ನಾನು ಪುಸ್ತಕ ಮುಚ್ಚಿದೆ. ಹುಡುಗಿ ನನ್ನ ಕೈಯನ್ನು ಸರಿಸಿ ಅದೇ ಪುಟ ತೆರೆದಳು.

"ಓದು, ಚಿಗವ್ವ. ಆ ಹುಡುಗರು ಏನ್ ಮಾಡ್ತಾರ ನನಗ ಗೊತ್ತಾಗಬೇಕು."

ಅಂದಿನಿಂದ ದೀಪ ಹಚ್ಚಿದ ಮೇಲೆ ಓದುವುದು ರೂಢಿಯಾಯಿತು. ಅವ್ವ ಗೊಣಗುತ್ತಲೇ ಕಿವಿ ಕೊಡುತ್ತಿದ್ದಳು. ಕಾಕಾ ಪ್ರತಿ ಭಾಗವನ್ನೂ ನನಗಾಗಿ ತೆಗೆದಿಡುತ್ತಿದ್ದರು. ಹೊಸ ಭಾಗ ಬಂದರೆ ನಾನು ಮೊದಲು ಬಸ್ಸಿನಲ್ಲೇ ಓದಿ ಮುಗಿಸುತ್ತಿದ್ದೆ. ಮುಂದೆ ಏನಿದೆ ಎಂದು ತಿಳಿದಿದ್ದರೆ ಸಂಜೆ ಓದುವಾಗ ಅರ್ಧ ನಿದ್ದೆಯಲ್ಲಿದ್ದರೂ ನಡೆಯುತ್ತಿತ್ತು.

ಒಂದು ಸಂಜೆ ಅದೂ ನಡೆಯಲಿಲ್ಲ. ಇನ್‌ಸ್ಪೆಕ್ಟರ್ ಶಾಲೆಯ ತಪಾಸಣೆಗೆ ಬಂದು ಹೋಗಿದ್ದ ದಿನ. ಗೋಡೆಗೆ ಒರಗಿ ಓದುತ್ತಿದ್ದವಳು ಯಾವ ಮಾತಿಗೆ ನಿದ್ದೆ ಹೋದೆನೋ ಗೊತ್ತಿಲ್ಲ. ಎಚ್ಚರವಾದಾಗ ಕಣ್ಣು ತೆರೆಯಲಿಲ್ಲ. ತೆರೆಯುವಷ್ಟು ತ್ರಾಣವಿರಲಿಲ್ಲ. ಹುಡುಗಿ ಓದುತ್ತಿದ್ದಳು. ಅಕ್ಷರ ಕೂಡಿಸಿ ಕೂಡಿಸಿ, ತಮ್ಮನಿಗಾಗಿ.

ಆ ಪುಟ ನನಗೆ ಗೊತ್ತಿತ್ತು. ಮುದುಕಿ ಒಂದು ಗಡಿಗೆಯ ಮುಚ್ಚಳ ತೆಗೆಯುತ್ತಾಳೆ. ಒಳಗಿಂದ ಸತ್ತ ತಾಯಿಯ ದನಿ ಮಕ್ಕಳನ್ನು ಹೆಸರು ಹಿಡಿದು ಕರೆಯುತ್ತದೆ. ಅವರು ಓಡಿ ಹೋಗಿ ಬಲೆಗೆ ಬೀಳುತ್ತಾರೆ. ಬಸ್ಸಿನಲ್ಲಿ ಅದನ್ನು ಓದಿದಾಗ ನಾನು ಪುಸ್ತಕ ಮಡಚಿ ಕಿಟಕಿಯ ಹೊರಗೆ ಕಬ್ಬಿನ ಹೊಲ ನೋಡುತ್ತ ಕೂತಿದ್ದೆ. ಅದನ್ನು ಹೇಗೆ ಓದಿ ಹೇಳಬೇಕೆಂದು ಹೊಳೆದಿರಲಿಲ್ಲ.

ಹುಡುಗಿ ಅಲ್ಲಿಗೆ ಬಂದಳು. ನಿಂತಳು. ಪುಟ ತಿರುವಿದ ಸಪ್ಪಳ ಕೇಳಿಸಿತು, ಮತ್ತೆ ಹಿಂದಕ್ಕೆ ತಿರುವಿದ ಸಪ್ಪಳ.

"ಮುಂದ?" ಎಂದ ಹುಡುಗ.

"ಮುದುಕಿ ಗಡಿಗಿ ತಗದ್ಳು," ಎಂದಳು. "ಒಳಗ ಏನೂ ಇರಲಿಲ್ಲ. ಖಾಲಿ ಇತ್ತು."

"ಖಾಲಿನ?"

"ಹೂಂ. ಖಾಲಿ. ಅವರು ಮುಂದ ಹೋದ್ರು."

ನಾನು ಕಣ್ಣು ಮುಚ್ಚಿಕೊಂಡೇ ಇದ್ದೆ. ರೆಪ್ಪೆಯೊಳಗೆ ಸುಡುತ್ತಿತ್ತು. ಒಂಬತ್ತು ತುಂಬದ ಕೂಸು ಆ ಪುಟವನ್ನು ಒಬ್ಬಳೇ ಓದಿಕೊಂಡು ನುಂಗಿದ್ದಳು. ಅಕ್ಕ ಸತ್ತಮೇಲೆ ನನಗೆ ಸರಿಯಾಗಿ ಅಳು ಬಂದದ್ದು ಅಂದೇ. ಸದ್ದಿಲ್ಲದೆ ಅತ್ತೆ.

ದೀಪಾವಳಿ ಕಳೆದ ಮೇಲೆ ನನಗೊಂದು ಸಂಬಂಧ ಬಂತು. ಗಂಡು ಸಹಕಾರಿ ಸಂಘದಲ್ಲಿ ನೌಕರ. ಅವನ ದೊಡ್ಡಪ್ಪ ಬಂದು ಚಹಾ ಕುಡಿದು, ಪಡಸಾಲೆಯಲ್ಲಿ ಆಡುತ್ತಿದ್ದ ಮಕ್ಕಳನ್ನು ನೋಡಿ ಮೆತ್ತಗೆ ಹೇಳಿದರು.

"ಹುಡುಗರದೊಂದು ವ್ಯವಸ್ಥಾ ಆಗಬೇಕಲ್ರಿ. ಮಠದ ಬೋರ್ಡಿಂಗಿನ್ಯಾಗ ಇಡೂಣು. ಅಲ್ಲೆ ಊಟ, ಸಾಲಿ, ಎಲ್ಲಾ ಚಲೋ ಐತಿ."

ಅವರು ಕೆಟ್ಟವರಲ್ಲ. ಮಾತಿನಲ್ಲಿ ಕಠೋರತೆಯೇನೂ ಇರಲಿಲ್ಲ. ಅವ್ವ ನನ್ನ ಮುಖ ನೋಡಿದಳು. ಒಂದು ಗಳಿಗೆ ನನಗೆ ಆ ಬೋರ್ಡಿಂಗಿನ ಯೋಚನೆ ಹಾಸಿಗೆಯಂತೆ ಕಂಡಿತು. ಅಲ್ಲಿ ಮಲಗಿಬಿಡಬಹುದು ಎನ್ನಿಸಿತು. ಬಾಗಿಲ ಬಳಿ ಹುಡುಗಿ ಆಟ ನಿಲ್ಲಿಸಿದ್ದಳು. ನಮ್ಮ ಕಡೆ ನೋಡಲಿಲ್ಲ. ತಮ್ಮನ ಅಂಗಿಯ ಗುಂಡಿ ಹಾಕುತ್ತಿದ್ದಳು, ಹಾಕಿದ್ದನ್ನೇ ಬಿಚ್ಚಿ ಮತ್ತೆ ಹಾಕುತ್ತಿದ್ದಳು.

"ಆಗೂದಿಲ್ರಿ," ಎಂದೆ. "ಇವರು ನನ್ನ ಜೋಡಿನ ಇರ್ತಾರ."

"ಇನ್ನೊಮ್ಮೆ ವಿಚಾರ ಮಾಡ್ರಿ."

"ಮಾಡೀನ್ರಿ."

ಅವರು ಹೋದರು. ಅವ್ವ ಸಿಟ್ಟಾಗಿ ಎರಡು ದಿನ ಮಾತು ಬಿಟ್ಟಳು. ಅವಳ ಚಿಂತೆ ನನಗೆ ತಿಳಿಯದ್ದಲ್ಲ. ಅಂದು ಸಂಜೆ ನಾನು ಚಾಪೆಯ ಮೇಲೆ ಬಿದ್ದುಕೊಂಡಾಗ ಹುಡುಗಿ ಬಂದು ಪಕ್ಕದಲ್ಲಿ ಕೂತಳು.

"ಚಿಗವ್ವ, ನಿನಗ ನಮ್ಮಿಂದ ಬ್ಯಾಸರಾಗೇತೇನ?"

ಇಲ್ಲ ಎನ್ನಬಹುದಿತ್ತು. ಗಡಿಗೆ ಖಾಲಿ ಎಂದವಳಿಗೆ ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ.

"ನಿಮ್ಮಿಂದ ಅಲ್ಲ. ಕೆಲಸದಿಂದ ದಣದೇನಿ. ಬಾಳ ದಣದೇನಿ."

ಅವಳು ಹೊಸ ಭಾಗವನ್ನು ಎತ್ತಿಕೊಂಡಳು.

"ಹಂಗಾರ ಇನ್ನ ಮ್ಯಾಲೆ ನಾ ಓದ್ತೇನಿ. ನೀ ಮಲಕೊ."

ಆ ಕತೆ ಪೂರ್ತಿಯಾಗಲಿಲ್ಲ. ಬೇಸಿಗೆಯ ಹೊತ್ತಿಗೆ ಭಾಗಗಳು ಬರುವುದು ನಿಂತಿತು. ಛಾಪಖಾನೆ ಮುಚ್ಚಿತಂತೆ ಎಂದರು ಕಾಕಾ, ತಾವೇ ಮುಚ್ಚಿದವರಂತೆ ಮುಖ ಸಣ್ಣದು ಮಾಡಿಕೊಂಡು. ಆ ಮೂವರು ಎಲ್ಲಿ ಹೋದರೆಂದು ಹುಡುಗ ಕೆಲವು ದಿನ ಕೇಳಿದ. "ನಡಕೋತ ಹೊಂಟಾರ," ಎಂದಳು ಅವನ ಅಕ್ಕ. ಅವನು ಒಪ್ಪಿಕೊಂಡ.

ಜೂನ್ ತಿಂಗಳಲ್ಲಿ ಅವನನ್ನು ನನ್ನ ಶಾಲೆಗೇ ಸೇರಿಸಿದೆ. ಮೊದಲ ದಿನ ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ ಕೂತು, ಸೀರೆಯ ಮೇಲೆಲ್ಲ ವಾಂತಿ ಮಾಡಿಕೊಂಡ. ದೇವಿಕೊಪ್ಪದಲ್ಲಿ ಇಳಿದು ಬೋರಿಂಗಿನ ಕೈಪಂಪಿನ ಕೆಳಗೆ ಸೆರಗು, ನೆರಿಗೆ ತೊಳೆದುಕೊಂಡೆ. ಅವನ ಬಾಯಿ ಒರೆಸಿ ಮುಂದಿನ ಸಾಲಿನಲ್ಲಿ ಕೂರಿಸಿ, ಹಸಿ ಸೀರೆಯಲ್ಲೇ ನಿಂತು ಹಾಜರಿ ಕೂಗಿದೆ. ಅವನ ಹೆಸರು ಬಂದಾಗ ಅವನು "ಚಿಗವ್ವ" ಎಂದ. ಕೋಣೆಯೆಲ್ಲ ನಕ್ಕಿತು. ನಾನೂ ನಕ್ಕೆ, ಮತ್ತೆ ಮಗ್ಗಿ ಶುರು ಮಾಡಿಸಿದೆ.