ಬಣ್ಣದ ಬಾವಿಯ ಒಂದು ಸಾಲು

ಗೋಪಣ್ಣನಿಗೆ ನಾನು ಕಂಪ್ಯೂಟರ್ ಕಲಿಸಬಾರದಿತ್ತು. ಈಗ ಹೇಳಿ ಏನು ಬಂತು? ಆದರೂ ಮೊದಲು ಅದನ್ನೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಬರೆಯಲು ಕೈ ಏಳುವುದಿಲ್ಲ. ಎದುರಿಗೆ ಅವನಿಗೆ ‘ರೀ’ ಹಚ್ಚಿಯೇ ಮಾತಾಡುತ್ತಿದ್ದೆ. ಬರೆಯಲು ಕೂತರೆ ಸಿಟ್ಟು ಬಂದು ಏಕವಚನವೇ ಬರುತ್ತದೆ, ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಬೆಟಗೇರಿಯಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ‘ನಯಾಜನ ಅಂಗಡಿ’ ಎಂದರೆ ಯಾರಾದರೂ ತೋರಿಸುತ್ತಾರೆ. ಗೋಪಣ್ಣ ನೇಕಾರರ ಮನೆತನದವನು. ಹರೆಯದಲ್ಲಿ ಅಪ್ಪನ ಮಗ್ಗ ಬಿಟ್ಟು ಮುದ್ರಣಾಲಯ ಸೇರಿ, ಮೂವತ್ತೆಂಟು ವರ್ಷ ಕರಡು ತಿದ್ದಿದ. ಮುದ್ರಣಾಲಯ ಮುಚ್ಚಿದ ಮೇಲೆ ನನ್ನ ಅಂಗಡಿಗೆ ಬಂದು ಕುರ್ಚಿ ಹಾಕಿಕೊಂಡು ಕೂತ. ಮದುವೆ ಪತ್ರಿಕೆಯಲ್ಲಿ ವರನ ಹೆಸರಿನ ಮುಂದೆ ‘ಬಿ.ಎ.’ ಎಂದಿದ್ದರೆ ಮಾರ್ಕ್ಸ್ ಕಾರ್ಡ್ ಕೇಳುತ್ತಿದ್ದ. ಎರಡು ಮದುವೆಯವರು ಪತ್ರಿಕೆ ಬೇರೆ ಕಡೆ ಮಾಡಿಸಿಕೊಂಡರು.

ಇವನಿಗೆ ಏನಾದರೂ ಕೆಲಸ ಕೊಟ್ಟು ನನ್ನ ಗಿರಾಕಿಗಳನ್ನು ಉಳಿಸಿಕೊಳ್ಳೋಣವೆಂದು ಅಂತರ್ಜಾಲದ ವಿಶ್ವಕೋಶದಲ್ಲಿ ನಮ್ಮೂರಿನ ಪುಟ ತೆಗೆದು ತೋರಿಸಿದೆ. ಓದುತ್ತ ಓದುತ್ತ ಅವನ ಹುಬ್ಬು ಮೇಲೇರಿತು.

“ಯಾರ್ ಬರದಾರಲೇ ಇದನ್ನ? ಜಗತ್ತಿನ್ಯಾಗ ಹೆಸರಾದ ಊರಂತ! ಜಗತ್ತಿನ್ಯಾಗ ಯಾರನ್ನ ಕೇಳಿ ಬಂದಾರ?”

“ಯಾರ್ ಬೇಕಾದ್ರೂ ತಿದ್ದಬಹುದ್ರಿ ಗೋಪಣ್ಣಾ. ನೀವೂ ತಿದ್ರಿ.”

ಆ ಮಾತು ಆಡಿದವನು ನಾನು.

ಎಂಟು ತಿಂಗಳು ಅವನು ಆ ಪುಟ ಬಿಟ್ಟು ಏಳಲಿಲ್ಲ. ಗ್ರಂಥಾಲಯಕ್ಕೆ ಹೋಗಿ ಧೂಳು ಹಿಡಿದ ಗ್ಯಾಸೆಟಿಯರ್ ತೆಗೆಸಿದ. ಸಂಘಗಳ ಹಳೆಯ ಸ್ಮರಣ ಸಂಚಿಕೆ ಹುಡುಕಿ ಯಾರ ಯಾರದೋ ಮನೆಯ ಅಟ್ಟ ಹತ್ತಿದ. ಪುರಾವೆ ಸಿಕ್ಕ ಸಾಲು ಉಳಿಯಿತು, ಸಿಗದ ಸಾಲು ಹೋಯಿತು. ‘ಎಂದು ಜನ ಹೇಳುತ್ತಾರೆ’ ಎಂಬ ಮಾತು ಕಂಡರೆ ಸಾಕು, ಅಳಿಸಿಬಿಡುತ್ತಿದ್ದ. ಆ ವಿಶ್ವಕೋಶವನ್ನು ನೋಡಿಕೊಳ್ಳುವ ಹಿರಿಯ ಸಂಪಾದಕರೊಬ್ಬರು, ನಾವು ಮುಖ ಕಾಣದವರು, ‘ಇದು ಮಾದರಿ ಲೇಖನ’ ಎಂದು ಬರೆದರು. ಅದನ್ನು ನನ್ನಿಂದ ಪ್ರಿಂಟ್ ತೆಗೆಸಿಕೊಂಡು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ತಿರುಗಿದ.

ಹಾಗೆ ಅಳಿಸಿದ್ದರಲ್ಲಿ ಈ ಸಾಲೂ ಇತ್ತು: ‘ಊರಿನ ದಕ್ಷಿಣದ ಬಯಲಿನಲ್ಲಿ ನೇಕಾರರ ಬಣ್ಣದ ಬಾವಿ ಇದೆ. ಅದನ್ನು ತುಂಬಿಲ್ಲ, ಮೇಲೆ ಚಪ್ಪಡಿ ಹಾಸಿ ಮಣ್ಣು ಹೊದಿಸಿದ್ದಾರೆ.’ ಬರೆದವರ ಹೆಸರಿರಲಿಲ್ಲ. ಪಕ್ಕದಲ್ಲಿ ಯಾವ ಉಲ್ಲೇಖವೂ ಇರಲಿಲ್ಲ.

“ಖರೇನ ಅಂಥಾ ಬಾವಿ ಇತ್ತೇನ್ರಿ?” ಎಂದು ಕೇಳಿದೆ.

“ಇತ್ತು. ನೂಲಿಗೆ ಬಣ್ಣ ಹಾಕಾಕ ಅದರದ ನೀರು ತರ್ತಿದ್ರು. ಚಪ್ಪಡಿ ಹಾಸೂ ಮುಂದ ನನಗ ಹನ್ನೆರಡು ವರ್ಷ, ಅಲ್ಲೇ ನಿಂತು ನೋಡೇನಿ. ಕಲ್ಲು ಒಗದ್ರ ಭಾಳ ಹೊತ್ತಿನ ಮ್ಯಾಲೆ ಸಪ್ಪಳ ಬರ್ತಿತ್ತು.”

“ಮತ್ತ್ಯಾಕ ತೆಗದ್ರಿ?”

“ನಾ ಕಂಡದ್ದು ಪುರಾವಿ ಅಲ್ಲಲೇ ನಯಾಜ. ಎಲ್ಲಾರೂ ತಾವು ಕಂಡದ್ದನ್ನ ಬರಕೋತ ಹ್ವಾದ್ರ ಅದು ವಿಶ್ವಕೋಶ ಆಗೂದಿಲ್ಲ, ಕಟ್ಟಿ ಮ್ಯಾಲಿನ ಹರಟಿ ಆಗತೈತಿ.”

ನಾನು ನಕ್ಕೆ. ಒಳಗೊಳಗೆ ಹೆಮ್ಮೆಯೂ ಆಯಿತು, ಅದನ್ನು ಮುಚ್ಚಿಡುವುದಿಲ್ಲ.

ಆ ಸಾಲು ಮರುವಾರ ಮತ್ತೆ ಬಂತು. ಅಳಿಸಿದ. ಹತ್ತು ದಿನಕ್ಕೆ ಮತ್ತೆ ಬಂತು. ಅವನ ಸಿಟ್ಟು ನೆತ್ತಿಗೇರಿತು. ಲೇಖನದ ಹಿಂದಿರುವ ಚರ್ಚಾಪುಟದಲ್ಲಿ, ‘ಇಂಥ ಬಾವಿ ಇತ್ತೆಂಬುದಕ್ಕೆ ಯಾವ ದಾಖಲೆಯೂ ಇಲ್ಲ. ಯಾರೂ ಮತ್ತೆ ಸೇರಿಸಬಾರದು’ ಎಂದು ಬರೆದು ಕೆಳಗೆ ತನ್ನ ಪೂರ್ತಿ ಹೆಸರು ಹಾಕಿದ. ಆಮೇಲೆ ಸಾಲು ಬರಲಿಲ್ಲ.

ಬೇಸಿಗೆ ಕಳೆದು ಒಂದು ದಿನ ಅವನ ಮನೆಗೆ ಊಟಕ್ಕೆ ಹೋಗಿದ್ದೆ. ಅವನ ತಾಯಿ ಚೌಡವ್ವನಿಗೆ ತೊಂಬತ್ತರ ಹತ್ತಿರ ವಯಸ್ಸು, ಕಣ್ಣು ಚುರುಕಾಗಿಯೇ ಇದ್ದವು. ನನ್ನ ತಾಟಿಗೆ ರೊಟ್ಟಿ ಹಾಕುತ್ತ ಕೇಳಿದಳು:

“ನಯಾಜಾ, ಕಂಪೂಟರಿನ್ಯಾಗ ನಂದೊಂದು ಸಾಲಿತ್ತು. ಅದನ್ನ ಅಳಸಾಂವ ಯಾರಪ್ಪಾ?”

ಗೋಪಣ್ಣನ ಕೈಯಲ್ಲಿನ ತುತ್ತು ಅಲ್ಲೇ ನಿಂತಿತು. ಅವನ ಮಗಳು ರೋಹಿಣಿ ತಲೆ ತಗ್ಗಿಸಿದಳು. ಅಜ್ಜಿ ಹೇಳಿದಂತೆ ಮೊಬೈಲಿನಲ್ಲಿ ಬರೆದವಳು ಅವಳೇ.

“ಆಗ ಬಯಲಾಗ ಯಾರೋ ಸುಣ್ಣದ ಗೆರಿ ಹಾಕಿದ್ರು, ಏನೋ ಕಟ್ಟಾಕ ಹೊಂಟಿದ್ರು. ಯಾರರ ಓದಿ ತಿಳಕೊಳ್ಳಿ ಅಂತ ಬರಸಿದ್ನಿ,” ಎಂದಳು ಚೌಡವ್ವ.

“ನನಗ ಹೇಳಬಾರದಿತ್ತೇನ ಅವ್ವಾ?”

“ನಿನಗ ಹೇಳಿದ್ರ ಪುರಾವಿ ಕೇಳತಿದ್ದಿ.”

ಆ ಸುಣ್ಣದ ಗೆರೆಯ ಮೇಲೆ ಆಗಲೇ ಗೋಡೆ ಎದ್ದಿತ್ತು. ಒಂದು ಸಂಘದವರು ಹೆಣ್ಣುಮಕ್ಕಳಿಗೆ ನೇಯ್ಗೆ ಕಲಿಸಲು ದೊಡ್ಡ ಶೆಡ್ ಕಟ್ಟುತ್ತಿದ್ದರು. ಹನ್ನೆರಡು ಕುಣಿಮಗ್ಗ. ಎಂದರೆ ನೆಲ ಅಗೆದು ಕುಣಿ ಮಾಡಬೇಕು. ನೇಯುವವರು ಅಂಚಿಗೆ ಕೂತು ಕಾಲನ್ನು ಕುಣಿಯೊಳಗೆ ಇಳಿಬಿಟ್ಟು ತುಳಿಯುತ್ತಾರೆ. ಅಲ್ಲಿ ಕಲಿಸಲು ರೋಹಿಣಿಯನ್ನೇ ನೇಮಿಸಿದ್ದರು. ಅವಳು ಕೂರಬೇಕಾದ್ದು ಏಳನೆಯ ಮಗ್ಗ, ತೆಂಕಣ ಗೋಡೆಗೆ.

ಮರುದಿನ ನಾವಿಬ್ಬರೂ ಹೋದೆವು. ಏಳನೆಯ ಕುಣಿ ಅಗೆಯುತ್ತಿದ್ದರು. ಹಾರೆ ಬಿದ್ದಾಗ ಉಳಿದ ಕುಣಿಗಳಲ್ಲಿ ಬಂದ ಸಪ್ಪಳ ಅಲ್ಲಿ ಬರಲಿಲ್ಲ. ಟೊಳ್ಳು ಸಪ್ಪಳ, ಅದೂ ತುಸು ತಡವಾಗಿ ಕೆಳಗಿನಿಂದ ಬಂತು. ಗೋಪಣ್ಣ ನನ್ನ ತೋಳು ಹಿಡಿದುಕೊಂಡ.

ಶೆಡ್ ಕಟ್ಟಿಸುತ್ತಿದ್ದ ಎಂಜಿನಿಯರ್ ಒಳ್ಳೆಯ ಮಾತಿನವನು. ಪೂರ್ತಿ ಕೇಳಿಸಿಕೊಂಡ.

“ಕೆಳಗ ಬಂಡಿಗಲ್ಲು ಇರಬೇಕ್ರಿ ಯಜಮಾನ್ರ. ಬಾವಿ ಅಂತೀರಿ, ಪುರಾವಿ ಏನರ ಐತೇನ್ರಿ?”

“ನಾನ ಕಂಡೀನ್ರಿ. ಕಣ್ಣಾರೆ ಕಂಡೀನಿ.”

ಅವನು ಕಡತ ತೆಗೆದ. ಅದರೊಳಗೆ ನಮ್ಮೂರಿನ ಲೇಖನ, ಅದರ ಹಿಂದೆ ಚರ್ಚಾಪುಟ. “ಇದು ನಿಮ್ಮ ಹೆಸರು ಅಲ್ಲೇನ್ರಿ?”

ಆ ಹಾಳೆಗಳನ್ನು ಪ್ರಿಂಟ್ ತೆಗೆದುಕೊಟ್ಟವನು ನಾನೇ. ಎರಡು ತಿಂಗಳ ಹಿಂದೆ ಸಂಘದವರು ಬಂದಾಗ, ನನ್ನ ಅಂಗಡಿಯಲ್ಲಿ. ಏನಿದೆ ಎಂದು ಒಮ್ಮೆ ಕಣ್ಣು ಹಾಯಿಸಿಯೂ ನೋಡಿರಲಿಲ್ಲ.

ಅಂದೇ ಗೋಪಣ್ಣ ಆ ಸಾಲನ್ನು ತಾನೇ ಮತ್ತೆ ಸೇರಿಸಿದ. ಸಂಜೆಯೊಳಗೆ ಹಿರಿಯ ಸಂಪಾದಕರು ಅಳಿಸಿ, ‘ನಿಮ್ಮದೇ ಟಿಪ್ಪಣಿ ನೋಡಿ’ ಎಂದು ಬರೆದರು. ಕೆಲಸ ನಿಲ್ಲಿಸಿರೆಂದು ನಗರಸಭೆಗೆ ನಾಲ್ಕು ಅರ್ಜಿ ಕೊಟ್ಟ. ನಾಲ್ಕಕ್ಕೂ ‘ದಾಖಲೆ ಲಗತ್ತಿಸಿ’ ಎಂಬ ಉತ್ತರ. ಊರ ಪತ್ರಿಕೆಯ ವರದಿಗಾರ ಅಂಬರೀಶನನ್ನು ಹಿಡಿದೆವು. ಅವನು ಕೈ ಮುಗಿದ.

“ಏನರ ಆದ್ರ ಖಬರ ಆಗತೈತಿ ಕಾಕಾ. ಏನೂ ಆಗದ ನಾ ಏನಂತ ಬರೀಲಿ?”

ಗೋಪಣ್ಣ ಮಗಳಿಗೆ ಹೋಗಬೇಡ ಎಂದ. ರೋಹಿಣಿಗೆ ಭಯವಿರಲಿಲ್ಲವೆಂದಲ್ಲ. “ಹನ್ನೊಂದು ಮಂದಿ ನನ್ನ ನಂಬಿ ಬರಾಕತ್ತಾರಪ್ಪ. ಅವರನ್ನ ಅಲ್ಲಿ ಕುಂಡ್ರಿಸಿ ನಾ ಮನ್ಯಾಗ ಕುಂಡ್ರಲ್ಯಾ?” ಎಂದಳು.

ಶೆಡ್ ಶುರುವಾದ ದಿನ ಬೆಳಿಗ್ಗೆ ಗೋಪಣ್ಣ ಎಲ್ಲರಿಗಿಂತ ಮೊದಲು ಹೋಗಿ ಏಳನೆಯ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತ. ಹಳೆಯ ಕೈ, ತಾನೂ ಕಲಿಸುತ್ತೇನೆಂದ. ಸಂಘದವರು ಖುಷಿಯಾಗಿ ಹಾರ ಹಾಕಿ ಫೋಟೊ ತೆಗೆದುಕೊಂಡರು. ಆಚೀಚೆಯ ಮಗ್ಗದವರಿಗೆ ನೂಲು ಸುತ್ತುವ ಕೆಲಸ ಹಚ್ಚಿ ಬಡಗಣ ಗೋಡೆಗೆ ಕಳಿಸಿದ. ಮಗಳನ್ನಂತೂ ಹತ್ತಿರ ಬರಗೊಡಲಿಲ್ಲ.

ನಾನು ದಿನಾ ಮಧ್ಯಾಹ್ನ ಚಹಾ ಒಯ್ಯುತ್ತಿದ್ದೆ. ಮೊದಲ ವಾರ ಕುಣಿಯ ತಳ ಹಸಿಯಾಯಿತು. ಎರಡನೆಯ ವಾರ, ಅವನು ಗೋಡೆಗೆ ಪೆನ್ಸಿಲಿನಲ್ಲಿ ಎಳೆದಿದ್ದ ಗೆರೆಗಿಂತ ನೆಲ ಒಂದು ಉಗುರಿನಷ್ಟು ಕೆಳಗಿತ್ತು. ಅವನ ತೊಡೆಯ ಮೇಲೆ ಒಂದು ನೋಟ್‌ಬುಕ್. ತಾರೀಖು, ಹೊತ್ತು, ಎಷ್ಟು ಇಳಿಯಿತು ಎಂದು ದುಂಡಗಿನ ಅಕ್ಷರದಲ್ಲಿ ಬರೆಯುತ್ತಿದ್ದ.

“ಇದೇನ ಹುಚ್ಚು ರೀ ಗೋಪಣ್ಣಾ? ಎದ್ದು ಬರ್ರಿ, ಬಾಗಲಾ ಹಾಕಿ ಕೀಲಿ ಜಡಿಯೂಣು!”

“ಕೀಲಿ ತಗಸಾಕ ಅವರಿಗೆ ಎಷ್ಟೊತ್ತು ಬೇಕಲೇ? ಪುರಾವಿ ತಯಾರ ಮಾಡಾಕತ್ತೇನಿ. ಒಂದು ತಿಂಗಳದ್ದು ಆತಂದ್ರ ಯಾರೂ ಇಲ್ಲ ಅನ್ನಾಕ ಆಗೂದಿಲ್ಲ.”

ಆ ಹೊತ್ತಿಗೆ ಅವನ ಕೊರಳಪಟ್ಟಿ ಹಿಡಿದು ಎಳೆದು ತರಬೇಕಿತ್ತು. ನಾನು ಚಹಾದ ಕಪ್ಪು ತೆಗೆದುಕೊಂಡು ಅಂಗಡಿಗೆ ಬಂದೆ.

ನೋಟ್‌ಬುಕ್ಕಿನಲ್ಲಿ ಹತ್ತೊಂಬತ್ತು ದಿನದ ಲೆಕ್ಕ ಇತ್ತಂತೆ. ಇಪ್ಪತ್ತನೆಯ ದಿನ ಹೆಣ್ಣುಮಕ್ಕಳೆಲ್ಲ ಬುತ್ತಿ ಬಿಚ್ಚಿಕೊಂಡು ಹೊರಗೆ ಬೇವಿನ ನೆರಳಿಗೆ ಹೋದರು. ‘ಅಳತಿ ಬರದು ಬರ್ತೇನಿ, ನೀ ನಡಿ’ ಎಂದು ಮಗಳನ್ನು ಕಳಿಸಿದ. ಅವಳು ಬುತ್ತಿಯ ಗಂಟು ಬಿಚ್ಚುವಷ್ಟರಲ್ಲಿ ಒಳಗೆ ಸಪ್ಪಳವಾಯಿತು. ಓಡಿ ಹೋಗಿ ನೋಡಿದರೆ ಆರನೆಯ, ಏಳನೆಯ, ಎಂಟನೆಯ ಮಗ್ಗ ಇದ್ದ ಜಾಗದಲ್ಲಿ ದುಂಡಗಿನ ಕತ್ತಲೆ ಇತ್ತು. ಅವನನ್ನು ಎತ್ತಲು ಎರಡು ದಿನ ಹಿಡಿಯಿತು. ನೋಟ್‌ಬುಕ್ ಸಿಗಲಿಲ್ಲ.

ಅಂಬರೀಶ ಬರೆದ. ಎಂಟು ಸಾಲಿನ ಸುದ್ದಿ, ಮೂರನೆಯ ಪುಟ. ಬಾವಿಯ ಆಳ ಹಾಕಿದ್ದ, ದಿಕ್ಕು ಹಾಕಿದ್ದ, ಗೋಪಣ್ಣನ ವಯಸ್ಸು ಮಾತ್ರ ತಪ್ಪು ಹಾಕಿದ್ದ.

ನಾನು ಅವನ ಕುರ್ಚಿಯಲ್ಲಿ ಕೂತು ಚೌಡವ್ವನ ಸಾಲನ್ನು ಇದ್ದಲ್ಲೇ ಮತ್ತೆ ಬರೆದೆ. ‘ಇದೆ’ ಎಂಬುದನ್ನು ಹಾಗೇ ಉಳಿಸಿದೆ. ಪಕ್ಕದಲ್ಲಿ ಉಲ್ಲೇಖ ಹಚ್ಚಿದೆ: ಪತ್ರಿಕೆಯ ಹೆಸರು, ತಾರೀಖು, ಪುಟ ಮೂರು. ಅವನು ಕಲಿಸಿದ ಹಾಗೆಯೇ, ಒಂದೂ ಬಿಡದೆ. ಹಿರಿಯ ಸಂಪಾದಕರು ನೋಡಿ, ‘ಈಗ ಸರಿಯಾಗಿದೆ’ ಎಂದು ಬರೆದರು. ಕಂಪ್ಯೂಟರ್ ಎತ್ತಿ ಗಟಾರಕ್ಕೆ ಒಗೆಯಬೇಕೆನ್ನಿಸಿತು.

ಮೊನ್ನೆ ಚೌಡವ್ವನನ್ನು ಮಾತಾಡಿಸಲು ಹೋಗಿದ್ದೆ. ಬಾಗಿಲ ಬಳಿ ಕೂತಿದ್ದಳು. ನನ್ನನ್ನು ಕಂಡವಳೇ ಕೇಳಿದಳು:

“ನನ್ನ ಸಾಲು ಐತೇನಪ್ಪಾ?”

“ಐತಿ ಅವ್ವಾ. ಇನ್ನ ಯಾರೂ ತಗ್ಯಾಂಗಿಲ್ಲ.”

“ತಗದ್ರ ತಗೀಲಪ್ಪ,” ಎಂದಳು ಮುದುಕಿ. “ನನ್ನ ಮಗನ್ನ ಕೊಡತಾರೇನು ಕೇಳು, ನಾನ ತಗಸತೇನಿ.”